ಎಪ್ಪತ್ತರ ನಡುಕ

ನಮ್ಮ ಮನೆಯ ಅಂಬಾಸಿಡರ್ ಕಾರಿಗೆ ಹೊಸ ಗಾಲಿಗಳನ್ನು ಹಾಕಿಸಿದೆ. ಹಳೆಯ ಕಬ್ಬಿಣದ ಗಾಲಿಗಳ ಅಂಚು ತುಕ್ಕು ಹಿಡಿದಿತ್ತೆಂಬುದು ನಾನು ಹೇಳಿಕೊಂಡ ಕಾರಣ. ಅಂಗಡಿಯಲ್ಲಿ ತೂಗುಹಾಕಿದ್ದ ಅಲ್ಯೂಮಿನಿಯಂ ಗಾಲಿಗಳ ಥಳಕು ನಿಜವಾದ ಕಾರಣ. ಉತ್ತರಪಾರಾದ ಕಾರ್ಖಾನೆ ಈ ಕಾರನ್ನು ತಯಾರಿಸುವುದನ್ನು 2014ರಲ್ಲೇ ನಿಲ್ಲಿಸಿತು. ಅಂಥ ಕಾರಿಗೆ ಈ ಅಲಂಕಾರ! ತಂದೆಯವರು ನೋಡಿ, “ಮುದುಕಿಗೆ ಗೆಜ್ಜೆ ಏತಕ್ಕೋ?” ಎಂದರು. ಕಾರು ಅವರದು. ಎಪ್ಪತ್ತು ದಾಟಿದ ಮೇಲೆ ಬಲಗೈಗೆ ನಡುಕ ಬಂದು, ಎರಡು ವರ್ಷದ ಹಿಂದೆ ಬೀಗದ ಕೈಯನ್ನು ನನಗೆ ಒಪ್ಪಿಸಿದ್ದರು. ಆದ್ದರಿಂದ ಆ ಮಾತು ಸ್ವಲ್ಪ ನಾಟಿತು.

ಮುಂದಿನ ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಮನಗರದ ಕಡೆ ಹೊರಟೆ. ಅರವತ್ತು ಕಿಲೋಮೀಟರ್ ವೇಗದವರೆಗೆ ಕಾರು ತೇಲಿದಂತೆ ಹೋಯಿತು. ಮುಳ್ಳು ಎಪ್ಪತ್ತನ್ನು ಮುಟ್ಟಿದೊಡನೆ ಸ್ಟಿಯರಿಂಗ್ ಗಡಗಡ ನಡುಗತೊಡಗಿತು. ಎಂಬತ್ತೈದಕ್ಕೆ ಏರಿಸಿದರೆ ಕಡಿಮೆಯಾಗುತ್ತಿತ್ತು. ಇಳಿಸುವಾಗ ಮತ್ತೆ ಎಪ್ಪತ್ತರ ಬಳಿ ಕಾದು ಕುಳಿತಿರುತ್ತಿತ್ತು.

“ಈಗ ನಿನಗೂ ಬಂತಲ್ಲಪ್ಪ” ಎಂದು ತಂದೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಗಾಲಿ ಮಾರಿದ ಅಂಗಡಿಯವರು ಬ್ಯಾಲೆನ್ಸ್ ಮಾಡುವ ಯಂತ್ರಕ್ಕೆ ಏರಿಸಿ, ಸೀಸದ ತುಂಡುಗಳನ್ನು ಅಂಟಿಸಿ, “ಸೊನ್ನೆ ತೋರಿಸುತ್ತಿದೆ ಸಾರ್, ದೋಷ ನಿಮ್ಮ ಹಳೆಯ ಕಾರಿನದು” ಎಂದರು. ಎರಡು ಸಲ ಹಣ ತೆತ್ತೆ. ನಡುಕ ಹೋಗಲಿಲ್ಲ.

ಕೊನೆಗೆ ತಂದೆಯವರೇ ಕೇಳಿದರು: “ನಡುಗುವುದು ಸ್ಟಿಯರಿಂಗೋ, ಸೀಟೋ?” ಸ್ಟಿಯರಿಂಗ್ ಎಂದೆ. “ಹಾಗಾದರೆ ಮುಂದಿನ ಗಾಲಿ. ಬ್ರೇಕು ಒತ್ತಿದಾಗ ಮಾತ್ರವೋ?” ಅಲ್ಲವೆಂದೆ. “ಹಾಗಾದರೆ ಡ್ರಮ್ಮಿನದಲ್ಲ. ಗಾಲಿ ಬಿಚ್ಚು.”

ಬಿಚ್ಚಿ ನೋಡಿದರೆ ಗುಟ್ಟು ಕಣ್ಣೆದುರಿಗೇ ಇತ್ತು. ಹೊಸ ಗಾಲಿಯ ನಡುವಿನ ರಂಧ್ರ ನಮ್ಮ ಹಬ್ಬಿಗಿಂತ ದೊಡ್ಡದು. ಹಲವು ಬಗೆಯ ಕಾರುಗಳಿಗೆ ಒಗ್ಗಲೆಂದು ಹಾಗೆ ಮಾಡಿರುತ್ತಾರೆ. ಸುತ್ತಲೂ ಒಂದೂವರೆ ಮಿಲಿಮೀಟರಿನಷ್ಟು ಸಂದು. ನಟ್ಟುಗಳೋ, ತೆಳುವಾದ ಹಳೆಯ ಗಾಲಿಗೆ ಹೇಳಿ ಮಾಡಿಸಿದವು. ಅವುಗಳ ಇಳಿಜಾರಿಗೂ ಹೊಸ ತೂತಿನ ಇಳಿಜಾರಿಗೂ ಹೊಂದಿಕೆಯಿಲ್ಲ. ಹೀಗಾಗಿ ಗಾಲಿ ನಡುವಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಕುಳಿತಿತ್ತು. ಯಂತ್ರವಾದರೋ ಆ ರಂಧ್ರದಲ್ಲಿ ಶಂಕುವನ್ನು ತೂರಿಸಿ ಗಾಲಿಯನ್ನು ಸರಿಯಾಗಿ ಮಧ್ಯದಲ್ಲೇ ಹಿಡಿಯುತ್ತದೆ. ಅಲ್ಲಿ ಸೊನ್ನೆಯಲ್ಲದೆ ಇನ್ನೇನು ಬಂದೀತು? ಮಾತ್ರೆಗಳ ಲೆಕ್ಕವೆಲ್ಲ ಸರಿಯಾಗಿದ್ದೂ ಓದುವಾಗ ಎಡವುವ ಷಟ್ಪದಿಗಳನ್ನು ನನ್ನ ವಿದ್ಯಾರ್ಥಿಗಳು ಬರೆದು ತಂದದ್ದುಂಟು.

ಎಪ್ಪತ್ತಕ್ಕೇ ಏಕೆ? ನಮ್ಮದು 15 ಅಂಗುಲದ ಗಾಲಿ. ಟಯರು ಸೇರಿ ಒಂದು ಸುತ್ತಿಗೆ ಸುಮಾರು 2 ಮೀಟರು ಕ್ರಮಿಸುತ್ತದೆ. 72 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 10 ಸುತ್ತು, ಎಂದರೆ 10 ಪೆಟ್ಟು. ಗಾಲಿಯನ್ನು ಹೊತ್ತ ಸ್ಪ್ರಿಂಗಿಗೂ ಟಯರಿಗೂ ತಮ್ಮದೇ ಒಂದು ತಾಳವಿದೆ. ಎರಡೂ ಕೂಡಿದಾಗ ಕುಣಿತ ಹೆಚ್ಚುತ್ತದೆ, ವೇಗ ಅದನ್ನು ದಾಟಿದರೆ ತಗ್ಗುತ್ತದೆ.

ಕಲಾಸಿಪಾಳ್ಯದ ಒಬ್ಬ ಲೇತ್ ಕೆಲಸದವರು ಅಲ್ಯೂಮಿನಿಯಂ ಬಳೆಗಳನ್ನು ಕಡೆದುಕೊಟ್ಟರು. ಹಬ್ಬಿನ ತುಕ್ಕು ಕೆರೆದು, ಬಳೆ ತೊಡಿಸಿ, ಗಾಲಿಗೆ ತಕ್ಕ ನಟ್ಟುಗಳನ್ನು ತಂದೆ. ಜಾಕಿಯ ಮೇಲಿರುವಾಗಲೇ ಒಂದನ್ನು ತಿರುಗಿಸಿ, ಆಮೇಲೆ ಅದರ ಎದುರಿನದನ್ನು ತಿರುಗಿಸಬೇಕೆಂದು ತಂದೆಯವರು ಕುರ್ಚಿ ಹಾಕಿಕೊಂಡು ಕುಳಿತು ಹೇಳುತ್ತಿದ್ದರು.

ಮತ್ತೆ ಅದೇ ರಸ್ತೆ. ಎಪ್ಪತ್ತು, ಎಪ್ಪತ್ತೆರಡು. ಸ್ಟಿಯರಿಂಗ್ ನಿಶ್ಚಲ. ತಂದೆಯವರು ಬಲಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ನೋಡಿದರು. ಕೈ ಮಾತ್ರ ನಡುಗುತ್ತಿತ್ತು. ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಹಳೆಯ ಗಾಲಿಗಳನ್ನು ಅಂಗಡಿಗೆ ಕೊಟ್ಟುಬಿಟ್ಟೆಯೇನೋ?”

“ಇಲ್ಲ, ಅಟ್ಟದ ಮೇಲಿವೆ.”

“ಒಂದನ್ನು ಸ್ಟೆಪ್ನಿಗೆ ಇಟ್ಟುಕೋ. ಅದರ ನಟ್ಟುಗಳನ್ನೂ ಜತೆಗೇ ಕಟ್ಟಿಡು. ಹೊಸ ನಟ್ಟು ಅದಕ್ಕೆ ಕೂರುವುದಿಲ್ಲ.”