ದೂರವಿದ್ದವರ ಪಾಲು

2020ರ ಏಪ್ರಿಲ್ 12ರಂದು ಈಸ್ಟರ್ ಹಬ್ಬ ಬಂದಾಗ ಕೋವಿಡ್ ಲಾಕ್‌ಡೌನ್‌ನಿಂದಾಗಿ ಕರ್ನಾಟಕದ ಚರ್ಚುಗಳ ಬಾಗಿಲು ಮುಚ್ಚಿದ್ದವು. ಗುರುಗಳು ಖಾಲಿ ಬೆಂಚುಗಳ ಮುಂದೆ ಬಲಿಪೂಜೆ ಅರ್ಪಿಸಿದರು. ಜನ ಮನೆಯಲ್ಲಿ ಫೋನನ್ನೋ ಟಿವಿಯನ್ನೋ ಎದುರಿಗಿಟ್ಟುಕೊಂಡು ಪ್ರಾರ್ಥಿಸಿದರು. ಆ ದಿನಗಳಲ್ಲಿ ನೇರ ಪ್ರಸಾರದಿಂದಾದ ಉಪಕಾರ ಸಣ್ಣದಲ್ಲ. ಆದರೆ ಅದರ ಜೊತೆಗೇ ಒಂದು ನಂಬಿಕೆಯೂ ಬೇರೂರಿತು: ಆರಾಧನೆ ಎಲ್ಲರ ಮನೆಗೂ ತಲುಪಿದರೆ ಸಾಕು, ಸಭೆ ಒಂದಾಗಿ ಉಳಿಯುತ್ತದೆ ಎಂಬುದು. ಇದು ಅರ್ಧ ಸತ್ಯ. ದೂರವಿದ್ದವರನ್ನು ಒಂದು ಸಭೆಯಾಗಿ ಉಳಿಸುವುದು ಅವರಿಗೆ ಕಾಣಿಸುವ ಆರಾಧನೆಗಿಂತ ಹೆಚ್ಚಾಗಿ ಅವರಿಗೆ ಸಲ್ಲುವ ಪಾಲು, ಮತ್ತು ಅವರ ಹೆಗಲಿಗೆ ಬಂದ ಹೊಣೆ. ಪಡೆಯಲೂ ಕೊಡಲೂ ಒಂದು ಪಾಲಿದ್ದವರು ಸಾವಿರ ಮೈಲಿ ಆಚೆಯಿದ್ದರೂ ಸಭೆಯ ಒಳಗೇ ಇರುತ್ತಾರೆ. ಅದಿಲ್ಲದವರು ಮುಂದಿನ ಬೆಂಚಿನಲ್ಲಿ ಕೂತರೂ ನೋಡುಗರಾಗಿಯೇ ಉಳಿಯುತ್ತಾರೆ.

ಕ್ರೈಸ್ತ ಸಭೆ ಬೆಳೆದದ್ದೇ ಚದುರಿದ ಸ್ಥಿತಿಯಲ್ಲಿ. ಹೊಸ ಒಡಂಬಡಿಕೆಯ ದೊಡ್ಡ ಭಾಗವೇ ದೂರದಲ್ಲಿದ್ದವರಿಗೆ ಬರೆದ ಕಾಗದಗಳು. ಅವುಗಳನ್ನು ಬರೀ ಬೋಧನೆಯೆಂದು ಓದಿದರೆ ಅವುಗಳ ಸುತ್ತ ನಡೆದ ಓಡಾಟ ಕಣ್ಣಿಗೆ ಬೀಳುವುದಿಲ್ಲ. ಪೌಲ ಸೆರೆಯಲ್ಲಿದ್ದಾಗ ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಅವನಿಗೆ ನೆರವು ಕಳಿಸಿತು. ಆತ ಅಲ್ಲಿ ಕಾಯಿಲೆ ಬಿದ್ದು ಸಾಯುವ ಸ್ಥಿತಿ ತಲುಪಿದ, ಚೇತರಿಸಿಕೊಂಡ ಮೇಲೆ ಪೌಲ ಅವನನ್ನು ಊರಿಗೆ ಮರಳಿಸಿದ. ಕೊಲೊಸ್ಸೆಗೆ ಬರೆದ ಪತ್ರವನ್ನು ಲವೊದಿಕೀಯದಲ್ಲೂ ಓದಿಸಬೇಕೆಂದು, ಅಲ್ಲಿಂದ ಬರುವ ಪತ್ರವನ್ನು ಇಲ್ಲಿ ಓದಬೇಕೆಂದು ಸೂಚನೆಯಿತ್ತು. ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಬಹುಮಟ್ಟಿಗೆ ಹೆಸರು ಹಿಡಿದು ಹೇಳಿದ ವಂದನೆಗಳಿಂದಲೇ ತುಂಬಿದೆ. ಅಂದರೆ ಆ ಸಂಬಂಧ ಒಮ್ಮುಖವಾಗಿರಲಿಲ್ಲ. ಕಾಗದ ಒಂದು ದಿಕ್ಕಿನಿಂದ ಬಂದರೆ ಹಣ, ಸುದ್ದಿ, ಮನುಷ್ಯರು ಇನ್ನೊಂದು ದಿಕ್ಕಿನಿಂದ ಹೋಗುತ್ತಿದ್ದರು. ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುತ್ತ, ಬರಲಾಗದವರ ಪಾಲಿನ ಪರಮಪ್ರಸಾದವನ್ನು ಸಭಾಸೇವಕರು ಅವರಿರುವಲ್ಲಿಗೇ ಒಯ್ಯುತ್ತಿದ್ದರೆಂದು ದಾಖಲಿಸುತ್ತಾನೆ. ಗೈರುಹಾಜರಾದವರ ಲೆಕ್ಕ ಆ ಸಭೆಗೆ ಗೊತ್ತಿತ್ತು. ಅವರ ಪಾಲನ್ನು ಎತ್ತಿಡುವುದು ಆರಾಧನೆಯ ಭಾಗವೇ ಆಗಿತ್ತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಜಪಾನಿನಲ್ಲಿ ನಡೆಯಿತು. 1614ರಲ್ಲಿ ಅಲ್ಲಿನ ಆಡಳಿತ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಮುಂದಿನ ಮೂರು ದಶಕಗಳಲ್ಲಿ ಗುರುಗಳೆಲ್ಲ ಇಲ್ಲವಾದರು. ಚರ್ಚಿಲ್ಲ, ಬಲಿಪೂಜೆಯಿಲ್ಲ, ಹೊರಗಿನಿಂದ ಒಂದು ಕಾಗದವೂ ಇಲ್ಲ. ಆದರೂ 1865ರ ಮಾರ್ಚ್ 17ರಂದು ಉರಕಾಮಿಯ ಹಳ್ಳಿಗರು ನಾಗಸಾಕಿಯ ಓಉರಾ ಚರ್ಚಿಗೆ ಬಂದು, ಫ್ರೆಂಚ್ ಗುರು ಪೆಟಿಜಾನ್ ಎದುರು ತಮ್ಮ ವಿಶ್ವಾಸವನ್ನು ಬಾಯಿಬಿಟ್ಟು ಹೇಳಿಕೊಂಡರು. ಎರಡು ಶತಮಾನ ಅವರನ್ನು ಹಿಡಿದಿಟ್ಟದ್ದು ಬರೀ ನೆನಪಲ್ಲ. ಹಬ್ಬ, ಉಪವಾಸಗಳ ಪಂಚಾಂಗ ನೋಡಿಕೊಳ್ಳಲು ಒಬ್ಬ, ದೀಕ್ಷಾಸ್ನಾನ ಕೊಡಲು ಇನ್ನೊಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸಲು ಮತ್ತೊಬ್ಬ ಎಂದು ಅವರು ಕೆಲಸ ಹಂಚಿಕೊಂಡಿದ್ದರು. ಒಟ್ಟಾಗಿ ಬಹಿರಂಗವಾಗಿ ಸೇರಲಾಗದ ಜನರನ್ನು ಉಳಿಸಿದ್ದು ಆ ಹಂಚಿಕೆ.

ನಮ್ಮ ಕರಾವಳಿಯಲ್ಲೂ ಈ ತಿಳಿವಳಿಕೆ ಹಳೆಯದೇ. ಮಂಗಳೂರಿನ ಕಥೋಲಿಕ ಧರ್ಮಕೇಂದ್ರಗಳು ವಾಳೆಗಳಾಗಿ ಹಂಚಿಹೋಗಿರುತ್ತವೆ. ಒಂದೊಂದು ವಾಳೆಗೂ ಒಬ್ಬ ಗುರ್ಕಾರ ಇರುತ್ತಾನೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು ಎಂಬುದು ಗೊತ್ತಿರಬೇಕಾದವನು ಅವನು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ವಾಡಿಕೆಯೂ ಇದೆ. ಹಬ್ಬದ ವಿಡಿಯೊ ನೋಡುವುದಕ್ಕೂ ತನ್ನ ಹೆಸರಿಗೆ ಬಂದ ಆ ಕಾಳನ್ನು ತಿನ್ನುವುದಕ್ಕೂ ಇರುವ ವ್ಯತ್ಯಾಸವೇ ನನ್ನ ವಾದದ ತಿರುಳು. ಮೊದಲನೆಯದು ಎಲ್ಲರಿಗೂ ಒಂದೇ. ಎರಡನೆಯದರಲ್ಲಿ ಯಾರೋ ಒಬ್ಬರು ಇನ್ನೊಬ್ಬರನ್ನು ನೆನೆದು ಎತ್ತಿಟ್ಟ ಪಾಲಿದೆ.

ಇದಕ್ಕೆ ಆಕ್ಷೇಪಗಳಿವೆ. ಹಾಸಿಗೆ ಹಿಡಿದವರಿಗೆ, ಚರ್ಚ್ ಕಟ್ಟಲು ಅನುಮತಿಯೇ ಇಲ್ಲದ ಸೌದಿ ಅರೇಬಿಯಾದಲ್ಲಿ ದುಡಿಯುವವರಿಗೆ ಪ್ರಸಾರವೇ ಆಸರೆ, ಅದನ್ನು ಕೀಳಾಗಿ ಕಾಣುವುದು ನಿರ್ದಯವಲ್ಲವೇ ಎಂದು ಕೇಳಬಹುದು. ನಿಜ, ಪ್ರಸಾರ ನಿಲ್ಲಬಾರದು. ಆದರೆ ಅದನ್ನು ಶುರು ಮಾಡಿದೊಡನೆ ಮನೆಭೇಟಿ ಮುಗಿಯಿತೆಂದು ತಿಳಿಯುವುದೇ ನಿಜವಾದ ನಿರ್ದಯತೆ. ಇನ್ನು ಕೆಲವರು, ಮುಖಾಮುಖಿ ಸೇರದೆ ಸಭೆಯೇ ಇಲ್ಲ, ಸಂಸ್ಕಾರಗಳು ಪರದೆಯ ಮೂಲಕ ಬರುವುದಿಲ್ಲ ಎನ್ನುತ್ತಾರೆ. ವ್ಯಾಟಿಕನ್ 2002ರಲ್ಲೇ ಅಂತರಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ಸ್ಪಷ್ಟಪಡಿಸಿತ್ತು. 2020ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಜನರಿಲ್ಲದ, ಸಂಸ್ಕಾರಗಳಿಲ್ಲದ ಸಭೆಯ ಅಪಾಯದ ಬಗ್ಗೆ ಎಚ್ಚರಿಸಿದರು. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಜಪಾನಿನ ಉದಾಹರಣೆ ಅದನ್ನೇ ಸಾಬೀತುಪಡಿಸುತ್ತದೆ: ಅಷ್ಟು ಕಾಲ ಅಗಲಿದ್ದವರಲ್ಲಿ ಕೆಲವು ಗುಂಪುಗಳ ಪ್ರಾರ್ಥನೆ, ಆಚರಣೆಗಳು ಬದಲಾಗುತ್ತ ಹೋದವು, ಅವರಲ್ಲಿ ಹಲವರು ನಿಷೇಧ ತೊಲಗಿದ ಮೇಲೂ ಕಥೋಲಿಕ ಸಭೆಗೆ ಮರಳಲಿಲ್ಲ. ಹೊಣೆ ಹಂಚಿಕೊಳ್ಳುವುದು ಕೂಡುವಿಕೆಗೆ ಬದಲಿಯಲ್ಲ. ಅದು ಕೂಡುವ ಹಂಬಲವನ್ನು ಜೀವಂತವಾಗಿಡುತ್ತದೆ. ಪೌಲನ ಪತ್ರಗಳಲ್ಲೂ, ಯೋಹಾನನ ಹೆಸರಿನ ಪುಟ್ಟ ಪತ್ರಗಳಲ್ಲೂ ಬಂದು ನೋಡುವ ಆಸೆ ಮತ್ತೆ ಮತ್ತೆ ಕಾಣಿಸುವುದು ಅದಕ್ಕಾಗಿಯೇ.

ಆದ್ದರಿಂದ ಕ್ಯಾಮೆರಾಗೆ ಖರ್ಚು ಮಾಡುವ ಪ್ರತಿಯೊಂದು ಧರ್ಮಕೇಂದ್ರವೂ ಎರಡು ಪಟ್ಟಿಗಳನ್ನು ಇಟ್ಟುಕೊಳ್ಳಲಿ. ಬರಲಾಗದವರಿಗೆ ನಾವು ಏನು ಮುಟ್ಟಿಸಬೇಕು ಎಂಬುದು ಒಂದು. ಅವರಿಂದ ನಾವು ಏನು ಪಡೆಯಬೇಕು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಮುಖ್ಯ. ಹಾಸಿಗೆಯಲ್ಲಿರುವ ಅಜ್ಜಿಗೆ ಪ್ರಾರ್ಥಿಸಬೇಕಾದ ಹತ್ತು ಹೆಸರುಗಳನ್ನು ಕೊಡಬಹುದು. ದುಬೈಯಲ್ಲಿರುವ ಯುವಕ ಊರಿನ ಒಬ್ಬ ವಿದ್ಯಾರ್ಥಿಯ ಓದಿನ ಬಗ್ಗೆ ವಾರಕ್ಕೊಮ್ಮೆ ವಿಚಾರಿಸಬಹುದು. ತನ್ನಿಂದ ಏನೂ ಬೇಕಾಗದ ಸಭೆಯನ್ನು ಮನುಷ್ಯ ಮೆಲ್ಲಗೆ ಮರೆಯುತ್ತಾನೆ; ತನ್ನನ್ನು ನೆಚ್ಚಿಕೊಂಡ ಸಭೆಯನ್ನು ಅವನು ಎಲ್ಲಿದ್ದರೂ ಬಿಟ್ಟುಕೊಡುವುದಿಲ್ಲ.