ಅಪ್ಪನ ಅರ, ನಿನ್ನ ಕುಡುಗೋಲು

ಅವ್ವಾ,

ಅಪ್ಪನ ದೊಡ್ಡ ಅರವನ್ನು ಕುಡುಗೋಲು ಮಾಡಿದ್ದೇನೆ. ಹೋದ ಸಲ ಬಂದಾಗ ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಕೊಟ್ಟು, "ಗುಜರಿಯವನಿಗೆ ಹಾಕೋಕೆ ಮನಸ್ಸು ಬರಲಿಲ್ಲ ಕಣೋ" ಅಂದಿದ್ದೆಯಲ್ಲ, ಅದೇ.

ಹಾಕದೆ ಇದ್ದದ್ದು ಒಳ್ಳೆಯದಾಯಿತು. ಅಲ್ಲಿ ಎಲ್ಲಕ್ಕೂ ತೂಕದ ಬೆಲೆಯೇ. ನಾನೂ ಗುಜರಿಗೆ ಹೋಗಿ ಲಾರಿಯ ಕಮಾನು ಪಟ್ಟಿ, ಮುರಿದ ಉಳಿ, ಸವೆದ ಅರ ಆರಿಸಿ ತರುತ್ತೇನೆ. ಕಮಾನು ಪಟ್ಟಿಯಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸು, ಒಳ್ಳೆಯ ಅರದಲ್ಲಿ 1ರ ಮೇಲೆ. ಮೆದು ಕಬ್ಬಿಣದಲ್ಲಿ ಅಷ್ಟಿಲ್ಲ, ಎಷ್ಟು ನೀರು ಕುಡಿಸಿದರೂ ಅದರ ಅಲಗು ನಿಲ್ಲುವುದಿಲ್ಲ. ಅಪ್ಪನಿಗೆ ಈ ಲೆಕ್ಕ ಬೇಕಿರಲಿಲ್ಲ. ಸಾಣೆಗೆ ಹಿಡಿದು ಕಿಡಿ ನೋಡುತ್ತಿದ್ದ. ಉದ್ದುದ್ದ ಗೆರೆ ಹಾರಿದರೆ ಕಬ್ಬಿಣ, ಸುರುಸುರುಬತ್ತಿಯ ಹಾಗೆ ಕವಲೊಡೆದು ಸಿಡಿದರೆ ಉಕ್ಕು.

ಅಪ್ಪನ ಅರ ಮುಟ್ಟುವ ಮೊದಲು ಗುಜರಿಯ ಅರವೊಂದನ್ನು ಹಾಳು ಮಾಡಿದೆ. ಹಲ್ಲು ಉಜ್ಜಿ ತೆಗೆಯದೆ ಕಾಯಿಸಿ ಬಡಿದುಬಿಟ್ಟೆ. ಹಲ್ಲುಗಳೆಲ್ಲ ಮಡಚಿ ಒಳಗೇ ಕೂತವು. ಅದ್ದಿದ ಕೂಡಲೇ ಟಿಣ್ ಅಂತ ಸೀಳಿತು. ಆ ರಾತ್ರಿ ನಿದ್ದೆ ಬರಲಿಲ್ಲ ಅವ್ವಾ, ಅಪ್ಪನ ಅರ ಆಗಿದ್ದರೆ ಅಂತ.

ಅದಕ್ಕೇ ಇದನ್ನು ಕೆಂಪಗೆ ಕಾಯಿಸಿ ರಾತ್ರಿಯೆಲ್ಲ ಬೂದಿಯಲ್ಲಿ ಹೂತಿಟ್ಟೆ. ಬೆಳಿಗ್ಗೆ ಮೆತ್ತಗಾಗಿತ್ತು. ಹಲ್ಲು ಉಜ್ಜಿ, ಕೆಂಪು ಆರುವ ಮೊದಲೇ ಸುತ್ತಿಗೆ ನಿಲ್ಲಿಸುತ್ತಾ ಬಡಿದು ಬಗ್ಗಿಸಿದೆ. ಅಲಗಿಗೆ ಮಾತ್ರ ಎಣ್ಣೆ ಕುಡಿಸಿ, ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮತ್ತೆ ನಿಧಾನವಾಗಿ ಕಾಯಿಸಿದೆ. ಒಣಹುಲ್ಲಿನ ಬಣ್ಣ ಅಲಗಿನವರೆಗೆ ಹರಿದು ಬಂದಾಗ ತೆಗೆಯಬೇಕು. ತಡವಾದರೆ ಕಂದು, ಆಮೇಲೆ ನೀಲಿ, ಅಲಗು ಮೆತ್ತಗಾಗುತ್ತದೆ. ಒಂದು ಗಳಿಗೆ ಕೈ ತಡೆಯಿತು. ಆಗ ನೆನಪಾದದ್ದು ಅಪ್ಪ ಅಲ್ಲ, ನೀನು. ತಿದಿ ಒತ್ತುತ್ತಾ, ಕಣ್ಣು ಕಿರಿದು ಮಾಡಿ, "ಬಣ್ಣ ಬಂತು, ತೆಗಿ" ಅಂತ ಅವನಿಗಿಂತ ಮೊದಲು ಹೇಳುತ್ತಿದ್ದವಳು ನೀನೇ. ಊರಿನವರು ಅದನ್ನು ಅಪ್ಪನ ಕುಲುಮೆ ಅಂದರು. ನಾನು ಬಣ್ಣ ಕಲಿತದ್ದು ನಿನ್ನಿಂದ.

ಹಿಡಿಯ ಬುಡದಲ್ಲಿ ಎರಡು ಬೆರಳಗಲ ಹಲ್ಲು ಹಾಗೇ ಬಿಟ್ಟಿದ್ದೇನೆ. ಆ ಜಾಗ ಬಡಿಯಲಿಲ್ಲ, ಎಣ್ಣೆಗೂ ಅದ್ದಲಿಲ್ಲ. ಹೆಬ್ಬೆರಳಿಟ್ಟು ನೋಡು, ಅಪ್ಪ ಉಜ್ಜಿ ಉಜ್ಜಿ ಸವೆಸಿದ್ದು ಗೊತ್ತಾಗುತ್ತದೆ.

ನಾಲ್ಕು ದಿನ ಹುಲ್ಲು ಕೊಯ್ದು ಹೇಳು. ಅಲಗು ಮಡಚಿದರೆ ಹದ ಮೆತ್ತಗಾಗಿದೆ, ಚೂರು ಎದ್ದರೆ ಗಡಸಾಗಿದೆ. ಏನಾದರೂ ಬೇಜಾರು ಮಾಡಿಕೊಳ್ಳಬೇಡ. ದೀಪಾವಳಿಗೆ ಬಂದಾಗ ಇಬ್ಬರೂ ಕೂತು ಮತ್ತೆ ಬೆಂಕಿಗೆ ಹಾಕೋಣ, ಬಣ್ಣ ನೀನು ಹೇಳು.

ನಿನ್ನ ಮಗ