ಜನರಿಲ್ಲದ ದೋಣಿಗಳು

ಕೊಪ್ಪದ ನಮ್ಮ ಮನೆಯ ಗೋಡೆಯಲ್ಲಿ ಒಂದು ಚಿತ್ರವಿದೆ. ದಡಕ್ಕೆ ಕಟ್ಟಿರುವ ಎರಡು ದೋಣಿಗಳು, ಅಲುಗದ ನೀರು, ದೂರದಲ್ಲಿ ಮಂಜು ಮುಸುಕಿದ ಗುಡ್ಡ. ಶೃಂಗೇರಿಯ ಅಂಗಡಿಯೊಂದರಲ್ಲಿ ಅದನ್ನು ಕೊಳ್ಳುವಾಗ ನಾನು ಗಮನಿಸಿದ್ದು ಒಂದೇ ಸಂಗತಿ: ಅದರಲ್ಲಿ ಜೀವಿಗಳ ರೂಪವಿಲ್ಲ, ನಮಾಝ್ ನಿರ್ವಹಿಸುವ ಮನೆಯಲ್ಲಿ ತೂಗುಹಾಕಲು ಅಡ್ಡಿಯಿಲ್ಲ. ಆಮೇಲೆ ಮಕ್ಕಳಿಗೆ ಅದರ ಅರ್ಥವನ್ನೂ ವಿವರಿಸಿದೆ. ಬಣ್ಣವೆಲ್ಲ ತಣ್ಣನೆಯ ನೀಲಿ, ಗೆರೆಗಳೆಲ್ಲ ಅಡ್ಡಲಾಗಿ ಮಲಗಿವೆ. ಆದ್ದರಿಂದ ಇದು ದುಡಿಮೆ ಮುಗಿಸಿದವರ ನೆಮ್ಮದಿಯ ಚಿತ್ರ ಎಂದು.

ನರಸಿಂಹರಾಜಪುರದಿಂದ ಉಮ್ಮ ಬಂದಾಗಲೆಲ್ಲ ಆ ಚಿತ್ರಕ್ಕೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದರು. ಚಿತ್ರವೆಂಬುದೇ ಅವರಿಗೆ ಹಿಡಿಸದೆಂದು ಭಾವಿಸಿ, ನನಗೆ ತಿಳಿದಷ್ಟು ಧಾರ್ಮಿಕ ವಿಧಿಗಳನ್ನು ಒಂದು ದಿನ ಉದ್ದಕ್ಕೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅದೇ ಮಗಾ, ಜನರೇ ಇಲ್ಲವಲ್ಲ. ಅದರಲ್ಲಿ ಬಂದವರು ಎಲ್ಲಿಗೆ ಹೋದರು?" ಎಂದರು.

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಮೇಲೇಳುತ್ತಿದ್ದಾಗ ಉಮ್ಮ ಎಂಟು ವರ್ಷದ ಹುಡುಗಿ. ಅವರ ತವರಿನ ಗದ್ದೆ, ಮನೆ, ಅಂಗಳದ ಹಲಸಿನ ಮರ ಎಲ್ಲವೂ ಹಿನ್ನೀರಿನಡಿಗೆ ಹೋದವು. ಕೊನೆಯ ಬಾರಿ ಕೋಳಿಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ದಾಟಿದ್ದು ಅವರಿಗೆ ಇಂದಿಗೂ ನೆನಪಿದೆ. ಅಲುಗದ ನೀರು ನನಗೆ ಶಾಂತಿ. ಅದರ ಕೆಳಗೆ ಏನಿದೆ ಎಂಬುದು ಅವರಿಗೆ ಗೊತ್ತು. ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ.

ಆ ಬಳಿಕ ಜನರಿರುವ ದೋಣಿಯ ಚಿತ್ರವೊಂದನ್ನು ಹುಡುಕಿದೆ. ಹಿಜರಿ 634ರಲ್ಲಿ, ಅಂದರೆ ಕ್ರಿ.ಶ. 1237ರಲ್ಲಿ, ಯಹ್ಯಾ ಅಲ್-ವಾಸಿತೀ ಎಂಬ ಕಲಾವಿದರು ಅಲ್-ಹರೀರಿಯ 'ಮಕಾಮಾತ್' ಕೃತಿಯನ್ನು ಸ್ವತಃ ಬರೆದು ಚಿತ್ರಿಸಿದರು. ಆ ಹಸ್ತಪ್ರತಿ ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಜೀವಿಗಳ ಚಿತ್ರಣದ ಬಗ್ಗೆ ವಿದ್ವಾಂಸರ ಚರ್ಚೆ ದೀರ್ಘವಾದುದು, ಅದಿಲ್ಲಿ ಬೇಡ. ಒಮಾನಿಗೆ ಹೊರಟ ಹಡಗೊಂದು ಅದರಲ್ಲಿದೆ. ಹಲಗೆಗಳನ್ನು ಹಗ್ಗದಿಂದ ಹೊಲಿದ ಗುರುತುಗಳು ಕಾಣುತ್ತವೆ. ಮೇಲೆ ನಾವಿಕರು, ಕೆಳಗೆ ದುಂಡನೆಯ ಕಿಟಕಿಗಳಲ್ಲಿ ಪ್ರಯಾಣಿಕರ ಮುಖಗಳು. ಮುಂದಿನ ಅಲೆ ಹೇಗಿದೆಯೋ, ಯಾರಿಗೂ ತಿಳಿಯದು. ನನ್ನ ವ್ಯಾಖ್ಯಾನದ ಪ್ರಕಾರ ಅದು ಆತಂಕದ ಚಿತ್ರ.

ಮೊಬೈಲಿನಲ್ಲಿ ತೋರಿಸಿದಾಗ ಉಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಮುಖಗಳನ್ನು ಒಂದೊಂದಾಗಿ ಎಣಿಸಿದರು. "ಎಲ್ಲರೂ ಇದ್ದಾರೆ" ಎಂದರು. ಅವರ ಮುಖದಲ್ಲಿ ಆತಂಕವಿರಲಿಲ್ಲ.

ಗೋಡೆಯ ಚಿತ್ರವನ್ನು ಇಳಿಸಿಬಿಡಲೇ ಎಂದು ಕೇಳಿದೆ. ಅಂದು ಮೊದಲ ಬಾರಿಗೆ ಅವರು ಅದರ ಹತ್ತಿರ ಹೋಗಿ ನಿಂತು ನೋಡಿದರು.

"ಇರಲಿ ಬಿಡು. ಆ ಹಗ್ಗವನ್ನು ಯಾರೋ ಕಟ್ಟಿಯೇ ಹೋಗಿದ್ದಾರಲ್ಲ."